ವಿದ್ಯುಚ್ಛಕ್ತಿಯ ಅಳತೆಯೂ ಹತೋಟಿಯೂ



ಈ ಸ್ಮರಣ ಸಂಚಿಕೆಗಾಗಿ ವಿಜ್ಞಾನದ ಯಾವದಾದರೊಂದು ವಿಷಯವನ್ನು ಎಲ್ಲರಿಗೂ ತಿಳಿಯುವಂತೆ ಬರೆದುಕೊಡಬೇಕೆಂದು ಸಂಪಾದಕವರ್ಗದವರು ಕೇಳಿಕೊಂಡಾಗ, ಯಾವ ವಿಷಯವನ್ನು ಆರಿಸಿಕೊಳ್ಳೋಣವೆಂದು ನಾವು ಬಹಳ ಹೊತ್ತು ಯೋಚಿಸಬೇಕಾಗಲಿಲ್ಲ. ವಿದ್ಯುಚ್ಛಕ್ತಿಯನ್ನು ಅಳೆದು ಹತೋಟಿಯಲ್ಲಿಡುವ ಉಪಕರಣಗಳ ಸಂಗತಿಯು ಬಾಲ್ಯದಿಂದಲೂ ನಮ್ಮ ಮನಸ್ಸಿನಲ್ಲಿ ಮುರಿದ ಮುಳ್ಳಿನಂತೆ ಉಳಿದಿದೆ. ಅದು ಏಕೆಂಬದನ್ನು ಮೊದಲು ಹೇಳಿ, ಅನಂತರ ಶಾಸ್ತ್ರಕ್ಕೆ ಕೈಹಾಕುವೆವು.

ನಮ್ಮ ಮನೆತನದ ಹೊಲವು ತಿಕೋಟಾ ತಾಲೂಕಿನ ಕಳ್ಳಕವಟಗಿಯಲ್ಲಿದೆ. ತಿಕೋಟಾ ಸೀಮೆಯೆಂದರೆ ಇಂದು ದ್ರಾಕ್ಷಿಯ ತೋಟಗಳೂ ಒಣದ್ರಾಕ್ಷಿಯ ಶೆಡ್ಡುಗಳೂ ಎಲ್ಲರ ಕಣ್ಣಮುಂದೆ ನಿಲ್ಲುವವು. ನಾವು ಹೇಳುವ ಕಾಲಕ್ಕೆ ನಮ್ಮಲ್ಲಿದ್ದುದು ಒಂದು ತೆರೆದ ಬಾವಿ, ಅದರ ದಂಡೆಯ ಮೇಲೊಂದು ತಗಡಿನ ಕೋಣೆ, ಕೋಣೆಯೊಳಗೆ ಐದು ಅಶ್ವಶಕ್ತಿಯ ಒಂದು ಮೋಟಾರು. ಗೋಡೆಗೆ ತೂಗಹಾಕಿದ್ದ ಕಬ್ಬಿಣದ ಪೆಟ್ಟಿಗೆಗೆ ಸ್ಟಾರ್ಟರೆಂದು ಹೆಸರು. ಹಸಿರು ಗುಂಡಿಯನ್ನೊತ್ತಿದರೆ ಮೋಟಾರು ತಿರುಗುವದು, ಕೆಂಪು ಗುಂಡಿಯನ್ನೊತ್ತಿದರೆ ನಿಲ್ಲುವದು. ನಮಗೆ ಗೊತ್ತಿದ್ದುದು ಇಷ್ಟೇ. ಮೂರು ಫೇಜಿನ ಕರೆಂಟು ಬಹುತರವಾಗಿ ರಾತ್ರಿ ಬರುತ್ತಿತ್ತು. ಬಂದು, ಅರ್ಧ ತಾಸಿನಲ್ಲಿ ಹೋಗಿ, ಮತ್ತೆ ಬರುತ್ತಿತ್ತು. ಪ್ರತಿಯೊಂದು ಸಲವೂ ಯಾರಾದರೊಬ್ಬರು ಕಂದೀಲು ಹಿಡಿದು ಬಾವಿಗೆ ಹೋಗಿ ಹಸಿರು ಗುಂಡಿಯನ್ನು ಒತ್ತಿ ಬರಬೇಕು. ಹಾವು ಚೇಳುಗಳ ಭಯ ಬೇರೆ.

ಬೇಸಿಗೆಯ ಸೂಟಿಯಲ್ಲಿ ನಾವು ಊರಿಗೆ ಹೋದಾಗ ನಮ್ಮ ಕಾಕಾ ಒಂದು ಸಂಜೆ, “ಆ ಹಸರ ಗುಂಡಿಗೆ ಒಂದ ಕಡ್ಡಿ ಸಿಗಸಿ ಬಾರವಾ, ಕರೆಂಟ ಬಂದ ಕೂಡ್ಲೆ ತಾನ ಚಾಲೂ ಆಕ್ಕೈತಿ” ಎಂದರು. ನಾವು ಬೇವಿನ ಕಡ್ಡಿಯೊಂದನ್ನು ಮುರಿದು, ಗುಂಡಿಯು ಒಳಗೆ ಒತ್ತಿಕೊಂಡೇ ಇರುವಂತೆ ಸಿಗಿಸಿ ಬಂದೆವು. ಮೂರು ರಾತ್ರಿ ಮನೆಯವರೆಲ್ಲರೂ ಸುಖವಾಗಿ ಮಲಗಿದರು. ನಮ್ಮ ಜಾಣತನಕ್ಕೆ ಮೆಚ್ಚುಗೆಯೂ ದೊರೆಯಿತು. ನಾಲ್ಕನೆಯ ದಿನ ಮುಂಜಾನೆ ಕರೆಂಟು ಇರಲಿಲ್ಲ. ಮೋಟಾರಿನ ತಂತಿಯೊಂದು ಸಡಿಲಾಗಿದೆಯೆಂದು ಕಾಕಾ ಅದರ ಮುಚ್ಚಳವನ್ನು ಬಿಚ್ಚಿ ಕುಳಿತರು. ಕರೆಂಟೇ ಇಲ್ಲವೆಂದ ಮೇಲೆ ಮೇನ್ ತೆಗೆಯುವದೇಕೆಂದು ಅವರಿಗೆ ಅನಿಸಿರಬೇಕು. ಅಷ್ಟರಲ್ಲಿ ಕರೆಂಟು ಬಂದಿತು. ಕಾಕಾ ಗೋಡೆಗೆ ಹಾಯ್ದು ಬಿದ್ದರು. ಜೀವ ಉಳಿಯಿತು, ಬಲಗೈಯ ಎರಡು ಬೆರಳುಗಳು ಮಾತ್ರ ಇಂದಿಗೂ ಪೂರ್ತಿ ಮಡಚಲಾರವು. ಕಡ್ಡಿಯನ್ನು ಸಿಗಿಸಿದ ಕೈ ನಮ್ಮದು.

ಆ ಕಡ್ಡಿಯು ಮಾಡಿದ ಅನರ್ಥವೇನೆಂಬದು ನಮಗೆ ತಿಳಿದುದು ಎಷ್ಟೋ ವರ್ಷಗಳ ಮೇಲೆ, ಶಾಸ್ತ್ರವನ್ನು ಓದಿದಾಗ. ಸ್ಟಾರ್ಟರಿನೊಳಗೆ ತಂತಿಯ ಒಂದು ಸುರುಳಿ ಇರುವದು. ಹಸಿರು ಗುಂಡಿಯನ್ನು ಒತ್ತಿದ ಕ್ಷಣಕ್ಕೆ ಈ ಸುರುಳಿಯಲ್ಲಿ ಪ್ರವಾಹವು ಹರಿದು ಅದು ಅಯಸ್ಕಾಂತವಾಗುವದು. ಅಯಸ್ಕಾಂತವು ಕಬ್ಬಿಣದ ತುಂಡೊಂದನ್ನು ಸೆಳೆದುಕೊಳ್ಳುವದು. ಆ ತುಂಡಿಗೆ ಜೋಡಿಸಿದ ಮೂರು ಸಂಪರ್ಕಗಳು ಕೂಡಿ ಮೋಟಾರಿಗೆ ಮೂರೂ ಫೇಜುಗಳು ತಲುಪುವವು. ಇವುಗಳ ಬದಿಯಲ್ಲಿ ನಾಲ್ಕನೆಯದೊಂದು ಚಿಕ್ಕ ಸಂಪರ್ಕವಿದೆ. ಬೆರಳು ತೆಗೆದ ಮೇಲೆಯೂ ಸುರುಳಿಗೆ ಪ್ರವಾಹವನ್ನು ಕೊಡುತ್ತಿರುವದು ಇದರ ಕೆಲಸ. ಅಂದರೆ ಸುರುಳಿಯು ತನ್ನನ್ನು ತಾನೇ ಹಿಡಿದುಕೊಂಡಿರುವದು. ಕರೆಂಟು ಹೋದೊಡನೆ ಅಯಸ್ಕಾಂತವು ಸಾಯುವದು, ಸ್ಪ್ರಿಂಗು ಎಲ್ಲ ಸಂಪರ್ಕಗಳನ್ನೂ ಬಿಡಿಸುವದು. ಮರಳಿ ಕರೆಂಟು ಬಂದಾಗ ಸುರುಳಿಯ ದಾರಿಯು ಕಡಿದಿರುವದರಿಂದ ಮೋಟಾರು ಸುಮ್ಮನಿರುವದು. ಒಬ್ಬ ಮನುಷ್ಯನು ಬಂದು, ಸುತ್ತಲೂ ನೋಡಿ, ಹಸಿರು ಗುಂಡಿಯನ್ನು ಒತ್ತುವ ತನಕ ಅದು ಕಾಯುವದು. ನಮ್ಮ ಕಡ್ಡಿಯು ಈ ಕಾಯುವಿಕೆಯನ್ನೇ ಕೆಡಿಸಿತ್ತು. ನಾವು ತೊಂದರೆಯೆಂದು ಎಣಿಸಿದ್ದೇ ಆ ಯಂತ್ರದ ಕಾವಲಾಗಿತ್ತು.

ಹತೋಟಿಯ ಶಾಸ್ತ್ರವೆಲ್ಲವೂ ಮೂರು ಕ್ರಿಯೆಗಳಿಂದ ಆದದ್ದು: ಒಂದು ಸಂಗತಿಯನ್ನು ಅಳೆಯುವದು, ಅಳೆದುದನ್ನು ಇರಬೇಕಾದುದರೊಡನೆ ಹೋಲಿಸುವದು, ವ್ಯತ್ಯಾಸವಿದ್ದರೆ ತಿದ್ದುವದು. ರೊಟ್ಟಿ ಬೇಯಿಸುವ ತಾಯಿ ಹಂಚಿನ ಕಾವನ್ನು ನೋಡುವಳು, ತನ್ನ ಮನಸ್ಸಿನಲ್ಲಿರುವ ಕಾವಿಗೆ ಹೋಲಿಸುವಳು, ಒಲೆಯೊಳಗಿನ ಕಟ್ಟಿಗೆಯನ್ನು ಮುಂದಕ್ಕೆ ನೂಕುವಳು ಇಲ್ಲವೆ ಹಿಂದಕ್ಕೆ ಎಳೆಯುವಳು. ತಿದ್ದಿದ ಮೇಲೆ ಮತ್ತೆ ನೋಡುವಳು, ಇದು ಮುಖ್ಯ. ಮಾಡಿದ ಕೆಲಸದ ಫಲವು ಮರಳಿ ಕಣ್ಣಿಗೆ ಬಂದು ಮುಂದಿನ ಕೆಲಸವನ್ನು ತಿದ್ದುವದರಿಂದ ಇದೊಂದು ಬಳಸು, ಒಂದು ಚಕ್ರ. ಈ ಚಕ್ರವು ಎಲ್ಲಿ ಕಡಿದರೂ ಹತೋಟಿ ತಪ್ಪುವದು.

ಅದೇ ಸ್ಟಾರ್ಟರಿನ ಕೆಳಭಾಗದಲ್ಲಿ ಓವರ್‌ಲೋಡ್ ರಿಲೇ ಎಂಬ ಇನ್ನೊಂದು ಉಪಕರಣವಿದೆ. ಬಿಸಿಯಾದಾಗ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳ ಹಾಳೆಗಳನ್ನು ಬೆಸೆದು ಪಟ್ಟಿ ಮಾಡಿದರೆ, ಕಾವು ತಗಲಿದಾಗ ಆ ಪಟ್ಟಿಯು ಬಾಗುವದು. ಮೋಟಾರಿಗೆ ಹೋಗುವ ಪ್ರವಾಹವು ಇಂತಹ ಮೂರು ಪಟ್ಟಿಗಳನ್ನು ಕಾಯಿಸುತ್ತ ಸಾಗುವದು. ಪ್ರವಾಹವು ಮಿತಿಮೀರಿದರೆ ಪಟ್ಟಿಗಳು ಬಾಗಿ ಸುರುಳಿಯ ದಾರಿಯನ್ನು ಕಡಿಯುವವು, ಮೋಟಾರು ನಿಲ್ಲುವದು. ಸಾಮಾನ್ಯ ರೀತಿಯ ಜೋಡಣೆಯಿದ್ದರೆ ಐದು ಅಶ್ವಶಕ್ತಿಯ ಮೋಟಾರು ಪೂರ್ತಿ ಹೊರೆಯಲ್ಲಿ ೭.೫ ಅಂಪಿಯರಿನ ಸುಮಾರು ಸೆಳೆಯುವದು. ಚಾಲೂ ಆಗುವ ಕ್ಷಣದಲ್ಲಿ ಅದರ ಐದಾರು ಪಟ್ಟು ಸೆಳೆಯುವದು. ಆ ಕ್ಷಣದ ಸೆಳೆತಕ್ಕೆ ಪಟ್ಟಿಯು ಬಾಗದು, ಏಕೆಂದರೆ ಕಾಯಲು ಅದಕ್ಕೆ ಹೊತ್ತು ಬೇಕು. ಫ್ಯೂಜಿಗೆ ಇಲ್ಲದ ಈ ತಾಳ್ಮೆಯೇ ರಿಲೇಯ ಗುಣ. ಮೂರು ಫೇಜುಗಳಲ್ಲಿ ಒಂದು ಕಡಿದುಹೋದರೆ ಉಳಿದೆರಡು ತಂತಿಗಳಲ್ಲಿ ಪ್ರವಾಹವು ಸುಮಾರು ೧.೭ ಪಟ್ಟು ಏರುವದು. ಮೋಟಾರುಗಳು ಸುಟ್ಟುಹೋಗುವದು ಬಹುಮಟ್ಟಿಗೆ ಈ ಕಾರಣದಿಂದಲೇ. ರಿಲೇಯ ಮುಖದ ಮೇಲೊಂದು ಚಿಕ್ಕ ಗಾಲಿಯಿದೆ. ಮೋಟಾರಿನ ತಗಡಿನ ಮೇಲೆ ಬರೆದಿರುವ ಅಂಪಿಯರಿಗೆ ಸರಿಯಾಗಿ ಅದನ್ನು ತಿರುಗಿಸಿಡಬೇಕು. ಇದನ್ನು ಮಾಡುವವರು ನಮ್ಮ ಕಡೆ ವಿರಳ. ‘ಸುಮ್ಮಸುಮ್ಮನೆ ಟ್ರಿಪ್ ಆಗತದ’ ಎಂದು ಗೊಣಗಿ, ಒಂದು ತುಂಡು ತಂತಿಯಿಂದ ರಿಲೇಯನ್ನೇ ಬದಿಗೆ ಸರಿಸಿಬಿಡುವವರೇ ಹೆಚ್ಚು. ರೈತರ ಈ ದೂರು ಸುಳ್ಳೆಂದು ನಾವು ಹೇಳುವದಿಲ್ಲ. ಅಂಕವು ತಪ್ಪಿದ ರಿಲೇ ನಿಜವಾಗಿಯೂ ಸುಮ್ಮಸುಮ್ಮನೆ ಬೀಳುವದು. ಅದಕ್ಕೆ ಮದ್ದು ಅಂಕವನ್ನು ಸರಿಪಡಿಸುವದೇ ಹೊರತು ಕಣ್ಣು ಕೀಳುವದಲ್ಲ.

ಈಗ ಕೊಳವೆಬಾವಿಗಳ ಕಾಲ. ತೋಟದ ಸ್ಟಾರ್ಟರುಗಳಲ್ಲಿ ಮೊಬೈಲಿನಿಂದ ಚಾಲೂ ಮಾಡುವ ಸೌಕರ್ಯವೂ ಬಂದಿದೆ. ಬಾವಿಯಲ್ಲಿ ನೀರು ತೀರಿದರೆ ಪಂಪಿಗೆ ಎತ್ತಲು ಭಾರವಿಲ್ಲದೆ ಮೋಟಾರಿನ ಅಂಪಿಯರು ಇಳಿಯುವದು. ಹೊಸ ಉಪಕರಣಗಳು ಈ ಇಳಿತವನ್ನೇ ಗುರುತಿಸಿ ಮೋಟಾರನ್ನು ನಿಲ್ಲಿಸುವವು. ನೀರನ್ನು ನೋಡದೆ, ತಂತಿಯೊಳಗಿನ ಪ್ರವಾಹದಿಂದಲೇ ನೀರಿನ ಸುದ್ದಿಯನ್ನು ತಿಳಿಯುವ ಈ ಉಪಾಯವು ನಮಗೆ ಬಹಳ ಹಿಡಿಸುವದು.

ಬಾವಿಯ ಕೋಣೆಯಿಂದ ಇನ್ನು ವಿದ್ಯುದಾಗಾರಕ್ಕೆ ಹೋಗೋಣ. ಕನ್ನಡ ನಾಡಿನಲ್ಲಿ ದೊಡ್ಡ ಪ್ರಮಾಣದ ವಿದ್ಯುಚ್ಛಕ್ತಿಯ ಕಥೆಯು ೧೯೦೨ರಲ್ಲಿ, ಕಾವೇರಿಯ ಶಿವನಸಮುದ್ರದಲ್ಲಿ ಆರಂಭವಾಯಿತೆಂಬದು ನಿಮಗೆಲ್ಲ ಗೊತ್ತಿದೆ. ಅಲ್ಲಿಂದ ಸುಮಾರು ೧೪೭ ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಶಕ್ತಿಯನ್ನು ಕಳುಹಿದರು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಹೊತ್ತಿದವು. ಇಂದು ನಮ್ಮ ವಿಜಯಪುರ ಜಿಲ್ಲೆಯಲ್ಲಿಯೇ ಎರಡು ವಿದ್ಯುದಾಗಾರಗಳಿವೆ: ಕೃಷ್ಣೆಯ ನೀರಿನಿಂದ ನಡೆಯುವ ೨೯೦ ಮೆಗಾವ್ಯಾಟಿನ ಆಲಮಟ್ಟಿ, ಕಲ್ಲಿದ್ದಲಿನಿಂದ ನಡೆಯುವ ೨,೪೦೦ ಮೆಗಾವ್ಯಾಟಿನ ಕೂಡಗಿ. ಕೂಡಗಿಯಲ್ಲಿ ೮೦೦ ಮೆಗಾವ್ಯಾಟಿನ ಮೂರು ಯಂತ್ರಗಳಿವೆ. ಇವುಗಳನ್ನು ನಡೆಸುವವರು ಯಂತ್ರದ ಬಳಿಯಲ್ಲಿ ನಿಲ್ಲುವದಿಲ್ಲ; ತಂಪಾದ ಒಂದು ಕೋಣೆಯಲ್ಲಿ ಕುಳಿತು ಪರದೆಗಳನ್ನು ನೋಡುವರು. ಅವರು ನೋಡುವದು ಅಂಕಗಳನ್ನು ಮಾತ್ರ. ಆದುದರಿಂದ ಅಂಕಗಳು ಅಲ್ಲಿಗೆ ಹೇಗೆ ಬರುವವೆಂಬದನ್ನು ತುಸು ವಿಚಾರಿಸಬೇಕು.

ನಾಲ್ಕು ಲಕ್ಷ ವೋಲ್ಟಿನ ತಂತಿಗೆ ಯಾವ ಮೀಟರನ್ನೂ ನೇರವಾಗಿ ಜೋಡಿಸಲಾಗದು. ಆದುದರಿಂದ ಅಳತೆಯ ಟ್ರಾನ್ಸ್‌ಫಾರ್ಮರುಗಳೆಂಬವುಗಳನ್ನು ನಡುವೆ ಇಡುವರು. ಒಂದು ಜಾತಿಯದು ಒತ್ತಡವನ್ನು ೧೧೦ ವೋಲ್ಟಿಗೆ ಇಳಿಸುವದು. ಇನ್ನೊಂದು ಜಾತಿಯದು, ಸಿ.ಟಿ. ಎಂದು ಕರೆಯುವರು, ಸಾವಿರ ಅಂಪಿಯರಿನ ಪ್ರವಾಹವನ್ನು ಒಂದೇ ಅಂಪಿಯರಿಗೆ ಇಳಿಸುವದು. ಚಿಕ್ಕದನ್ನು ಅಳೆದು ದೊಡ್ಡದನ್ನು ಲೆಕ್ಕಹಾಕುವದು. ಏಳನೆಯ ಇಯತ್ತೆಯ ತ್ರೈರಾಶಿಕವೇ ಇಲ್ಲಿಯೂ ಸಾಕು. ಆದರೆ ಸಿ.ಟಿ.ಯ ವಿಷಯದಲ್ಲಿ ಒಂದು ಕಠಿಣ ನಿಯಮವಿದೆ. ದೊಡ್ಡ ತಂತಿಯಲ್ಲಿ ಪ್ರವಾಹವು ಹರಿಯುತ್ತಿರುವಾಗ ಅದರ ಚಿಕ್ಕ ತಂತಿಯನ್ನು ಬಿಚ್ಚಲೇ ಬಾರದು. ಮನೆಯ ವಿದ್ಯುತ್ತಿನಲ್ಲಿ ತಂತಿಯನ್ನು ಬಿಚ್ಚಿದರೆ ಪ್ರವಾಹವು ನಿಲ್ಲುವದು. ಇಲ್ಲಿ ಬಿಚ್ಚಿದರೆ, ಹರಿಯಲು ದಾರಿಯಿಲ್ಲದೆ, ಬಿಚ್ಚಿದ ತುದಿಗಳ ನಡುವೆ ಸಾವಿರಾರು ವೋಲ್ಟಿನ ಒತ್ತಡವು ಹುಟ್ಟಬಹುದು. ಮೀಟರನ್ನು ತೆಗೆಯುವ ಮೊದಲು ಆ ಎರಡು ತುದಿಗಳನ್ನು ಒಂದಕ್ಕೊಂದು ಕೂಡಿಸಿಯೇ ತೆಗೆಯಬೇಕು. ಹೊಸಬರಿಗೆ ಕಲಿಸುವ ಮೊದಲ ಪಾಠಗಳಲ್ಲಿ ಇದೂ ಒಂದು.

ಕಾವನ್ನು ಅಳೆಯಲು ಎರಡು ಬಗೆಯುಂಟು. ಎರಡು ಬೇರೆ ಲೋಹಗಳ ತಂತಿಗಳನ್ನು ಕೂಡಿಸಿ ಕೂಡಿದ ತುದಿಯನ್ನು ಕಾಯಿಸಿದರೆ ಅತಿ ಸಣ್ಣ ವಿದ್ಯುದೊತ್ತಡವು ಹುಟ್ಟುವದೆಂದು ೧೮೨೧ರಲ್ಲಿ ಸೀಬೆಕ್ ಎಂಬವನು ಕಂಡನು. ಕುಲುಮೆಯಂತಹ ಉಗ್ರ ಕಾವಿಗೆ ಇದೇ ತಕ್ಕದ್ದು. ಮೋಟಾರಿನ ಸುರುಳಿ, ಬೇರಿಂಗು ಮುಂತಾದವುಗಳಿಗೆ ಪ್ಲಾಟಿನಮ್ಮಿನ ತಂತಿಯನ್ನು ಬಳಸುವರು: ಸೊನ್ನೆ ಡಿಗ್ರಿಯಲ್ಲಿ ಅದರ ಪ್ರತಿರೋಧ ೧೦೦ ಓಮು, ನೀರು ಕುದಿಯುವ ಕಾವಿನಲ್ಲಿ ೧೩೮.೫ ಓಮು. ಓಮನ ನಿಯಮವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ ಸೋದರಿಯರಿಗೆ ಉಳಿದುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಅಳತೆಗಳು ದೂರದ ಕೋಣೆಗೆ ಬರುವ ರೀತಿಯಲ್ಲಿ ಒಂದು ಸೊಗಸಾದ ಯುಕ್ತಿಯಿದೆ. ಅಳತೆಯ ಕನಿಷ್ಠ ಅಂಕಕ್ಕೆ ೪ ಮಿಲಿ ಅಂಪಿಯರು, ಗರಿಷ್ಠ ಅಂಕಕ್ಕೆ ೨೦ ಮಿಲಿ ಅಂಪಿಯರು ಎಂದು ಲೋಕದಾದ್ಯಂತ ಒಪ್ಪಿಕೊಂಡಿರುವರು. ಸೊನ್ನೆಯಿಂದ ೬೦೦ ಡಿಗ್ರಿಯ ತನಕ ಅಳೆಯುವ ಉಪಕರಣವು ೧೨ ಮಿಲಿ ಅಂಪಿಯರು ಕಳುಹಿದರೆ ಕಾವು ೩೦೦ ಡಿಗ್ರಿ. ಕನಿಷ್ಠಕ್ಕೆ ಸೊನ್ನೆಯನ್ನೇ ಏಕೆ ಇಟ್ಟುಕೊಳ್ಳಲಿಲ್ಲ? ಸೊನ್ನೆ ಡಿಗ್ರಿಗೆ ಸೊನ್ನೆ ಪ್ರವಾಹವೆಂದು ಗೊತ್ತುಮಾಡಿದ್ದರೆ, ಇಲಿಯೊಂದು ತಂತಿಯನ್ನು ಕಡಿದಾಗಲೂ ಪರದೆಯು ‘ಸೊನ್ನೆ ಡಿಗ್ರಿ, ಎಲ್ಲವೂ ತಣ್ಣಗಿದೆ’ ಎಂದೇ ತೋರಿಸುತ್ತಿತ್ತು. ಈಗ ಹಾಗಲ್ಲ. ನಾಲ್ಕು ಬಂದರೆ ‘ಕಾವಿಲ್ಲ’ ಎಂಬ ಉತ್ತರ. ಏನೂ ಬಾರದಿದ್ದರೆ ಉತ್ತರ ಹೇಳುವವನೇ ಇಲ್ಲವೆಂದು ಅರ್ಥ. ಪರಸ್ಥಳಕ್ಕೆ ಹೋದ ಮಗಳಿಂದ ‘ವಿಶೇಷವೇನಿಲ್ಲ’ ಎಂದು ಪತ್ರ ಬರುವದಕ್ಕೂ ಪತ್ರವೇ ಬಾರದಿರುವದಕ್ಕೂ ಇರುವ ಅಂತರವನ್ನು ಪಾಲಕರು ಬಲ್ಲರು.

ಇನ್ನು ಹತೋಟಿ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಸಲ ಹಿಂದುಮುಂದಾಗಿ ಹರಿಯುವದು. ಕೂಡಗಿಯಂತಹ ಉಷ್ಣ ವಿದ್ಯುದಾಗಾರದ ಟರ್ಬೈನು ಮಿನಿಟಿಗೆ ೩,೦೦೦ ಸುತ್ತು ತಿರುಗುವದರಿಂದ ಈ ೫೦ ಎಂಬ ಸಂಖ್ಯೆಯು ಹುಟ್ಟುವದು. ಕಳ್ಳಕವಟಗಿಯ ಕೊಳವೆಬಾವಿಯಲ್ಲಿ ಮುಳುಗಿರುವ ಪಂಪು ಅದರ ಹಿಂದೆಯೇ ತುಸು ಜಾರುತ್ತ ೨,೮೮೦ರ ಸುಮಾರು ಸುತ್ತು ತಿರುಗುವದು. ನಡುವೆ ಹಗ್ಗವಿಲ್ಲ, ಹಲ್ಲುಗಾಲಿಯಿಲ್ಲ. ಆದರೂ ಒಂದೇ ನೊಗಕ್ಕೆ ಹೂಡಿದಂತೆ ಇವೆರಡೂ ನಡೆಯುವವು. ತಂತಿಯಲ್ಲಿ ವಿದ್ಯುತ್ತನ್ನು ಕೂಡಿಡಲು ಬಾರದು. ಎಷ್ಟು ಖರ್ಚೋ ಅಷ್ಟೇ ಉತ್ಪತ್ತಿಯು ಆ ಕ್ಷಣದಲ್ಲಿಯೇ ಆಗಬೇಕು. ಸಂಜೆ ಊರೂರುಗಳಲ್ಲಿ ದೀಪ ಹತ್ತಿದಾಗ ಖರ್ಚು ಏರಿದರೆ, ಏರು ಹತ್ತುವ ಚಕ್ಕಡಿಯ ಎತ್ತುಗಳಂತೆ ಎಲ್ಲ ಟರ್ಬೈನುಗಳ ನಡಿಗೆಯೂ ಒಂದಿಷ್ಟು ತಗ್ಗುವದು. ೫೦ ಇದ್ದುದು ೪೯.೯ ಆಗುವದು. ಈ ಇಳಿತವನ್ನು ಅಳೆದು ಉಗಿಯ ಬಾಗಿಲನ್ನು ಹೆಚ್ಚು ತೆರೆಯುವ ಉಪಕರಣಕ್ಕೆ ಗವರ್ನರ್ ಎಂದು ಹೆಸರು. ೧೭೮೮ರಲ್ಲಿ ಜೇಮ್ಸ್ ವ್ಯಾಟನು ಉಗಿಯಂತ್ರಕ್ಕೆ ಜೋಡಿಸಿದ, ತಿರುಗಿದಂತೆಲ್ಲ ಹೊರಕ್ಕೆ ಹಾರುವ ಎರಡು ಗುಂಡುಗಳ ಗವರ್ನರು ಇದರ ಹಿರಿಯಜ್ಜ.

ಗವರ್ನರುಗಳು ನಡಿಗೆಯನ್ನು ಸರಿಯಾಗಿ ೫೦ಕ್ಕೇ ತಂದು ನಿಲ್ಲಿಸಬಾರದೇ ಎಂದು ನೀವು ಕೇಳಬಹುದು. ಒಂದೇ ಯಂತ್ರವಿದ್ದರೆ ಹಾಗೆ ಮಾಡಬಹುದು. ನೂರಾರು ಯಂತ್ರಗಳು ಒಂದೇ ಜಾಲದಲ್ಲಿರುವಾಗ, ಪ್ರತಿಯೊಂದೂ ‘ನಾನೇ ಸರಿಪಡಿಸುವೆ’ನೆಂದು ಹಟ ಹಿಡಿದರೆ ಒಂದು ಎತ್ತಿದುದನ್ನು ಇನ್ನೊಂದು ಇಳಿಸುತ್ತ ಜಗಳವಾಗುವದು. ಆದುದರಿಂದ ಇಳಿತಕ್ಕೆ ತಕ್ಕಷ್ಟು ಮಾತ್ರ ಹೆಗಲು ಕೊಡಬೇಕೆಂದು ಗೊತ್ತುಮಾಡುವರು. ನಡಿಗೆಯಲ್ಲಿ ೫ ಪ್ರತಿಶತ ಇಳಿತವಾದರೆ ಯಂತ್ರವು ಪೂರ್ತಿ ಶಕ್ತಿಯನ್ನು ಕೊಡಬೇಕೆಂಬ ಗೊತ್ತಿದ್ದರೆ, ೫೦ರಿಂದ ೪೯.೯ಕ್ಕೆ ಇಳಿದಾಗ ೮೦೦ ಮೆಗಾವ್ಯಾಟಿನ ಯಂತ್ರವು ೩೨ ಮೆಗಾವ್ಯಾಟನ್ನು ಹೆಚ್ಚಿಸುವದು. ದೊಡ್ಡದು ದೊಡ್ಡ ಪಾಲನ್ನೂ ಚಿಕ್ಕದು ಚಿಕ್ಕ ಪಾಲನ್ನೂ ಯಾರೂ ಹಂಚದೆಯೇ ಹೊತ್ತುಕೊಳ್ಳುವವು. ಉಳಿದ ಕೊರತೆಯನ್ನು ತುಂಬಲು ದಿಲ್ಲಿಯ ರಾಷ್ಟ್ರೀಯ ಕೇಂದ್ರದಿಂದ ಆಯ್ದ ವಿದ್ಯುದಾಗಾರಗಳಿಗೆ ನಾಲ್ಕು ಸೆಕೆಂಡುಗಳಿಗೊಮ್ಮೆ ಅಪ್ಪಣೆಗಳು ಹೋಗುವವು. ೪೯.೯೦ರಿಂದ ೫೦.೦೫ರೊಳಗೆ ಇರಬೇಕೆಂಬದು ಈಗಿನ ನಿಯಮ. ಅಪ್ಪಣೆಗಳೂ ಸಾಲದೆ ೪೯.೪ಕ್ಕೆ ಇಳಿದರೆ, ಜಾಲವನ್ನೇ ಉಳಿಸುವದಕ್ಕಾಗಿ ಕೆಲವು ಊರುಗಳ ತಂತಿಗಳನ್ನು ರಿಲೇಗಳು ತಾವಾಗಿಯೇ ಕಡಿಯುವವು.

ತಿದ್ದುವಿಕೆಯೂ ಅತಿಯಾಗಬಾರದು. ಚಳಿಗಾಲದಲ್ಲಿ ಮಾಳಿಗೆಯ ಮೇಲಿನ ಸೋಲಾರಿನಿಂದ ಬಿಸಿನೀರು ಬಿಡಿಸಿಕೊಳ್ಳುವವರು ಇದನ್ನು ಬಲ್ಲರು. ನಳವನ್ನು ತಿರುಗಿಸಿದರೂ ತಣ್ಣೀರೇ ಬರುವದು, ಇನ್ನಷ್ಟು ತಿರುಗಿಸುವೆವು, ಥಟ್ಟನೆ ಕೈ ಸುಡುವ ನೀರು ಬರುವದು, ಗಾಬರಿಯಿಂದ ತಿರುಗಿಸಿದರೆ ಮತ್ತೆ ತಣ್ಣೀರು. ನೀರು ಕೊಳವೆಯಲ್ಲಿ ಬರುವ ಹೊತ್ತನ್ನು ಎಣಿಸದೆ ಅವಸರಪಟ್ಟುದರ ಫಲವಿದು. ವ್ಯಾಟನ ಗವರ್ನರಿರುವ ಯಂತ್ರಗಳೂ ಕೆಲವೊಮ್ಮೆ ಹೀಗೆಯೇ ಏರಿಳಿದಾಡುತ್ತಿದ್ದವು. ಅದೇಕೆಂದು ಗಣಿತದಿಂದ ಬಿಡಿಸಿ ತೋರಿಸಿದವನು ಮ್ಯಾಕ್ಸ್‌ವೆಲ್, ೧೮೬೮ರಲ್ಲಿ. ಇಂದಿನ ಹತೋಟಿಯ ಉಪಕರಣವು ಮೂರು ಸಂಗತಿಗಳನ್ನು ಕೂಡಿಸಿ ತೀರ್ಮಾನಿಸುವದು: ಈಗ ಎಷ್ಟು ತಪ್ಪಿದೆ, ಇದುವರೆಗೆ ತಪ್ಪಿದುದು ಎಷ್ಟು ಕೂಡಿಬಿದ್ದಿದೆ, ತಪ್ಪು ಯಾವ ವೇಗದಿಂದ ಬೆಳೆಯುತ್ತಿದೆ.

ಅಳತೆಯು ನಿಜವಿದ್ದರೂ ಅರ್ಥವು ತಪ್ಪುವ ಸಂದರ್ಭಗಳಿವೆ. ೧೯೮೫ರಲ್ಲಿ ನಡೆಯತೊಡಗಿದ ರಾಯಚೂರಿನ ಉಷ್ಣ ವಿದ್ಯುದಾಗಾರದಲ್ಲಿರುವಂತಹ ಬಾಯ್ಲರುಗಳ ತಲೆಯ ಮೇಲೆ ನೀರೂ ಉಗಿಯೂ ಬೇರ್ಪಡುವ ಒಂದು ದೊಡ್ಡ ಉಕ್ಕಿನ ಪೀಪಾಯಿ ಇರುವದು. ಅದರಲ್ಲಿ ನೀರಿನ ಮಟ್ಟವು ತಗ್ಗಿದರೆ ಕೊಳವೆಗಳು ಸುಟ್ಟುಹೋಗುವವು, ಏರಿದರೆ ನೀರು ಟರ್ಬೈನಿಗೆ ನುಗ್ಗಿ ಅಲಗುಗಳು ಮುರಿಯುವವು. ಒಮ್ಮೆಲೇ ಹೆಚ್ಚು ಉಗಿಯನ್ನು ಎಳೆದುಕೊಂಡರೆ ಮಟ್ಟವು ಇಳಿಯಬೇಕಷ್ಟೆ? ಆದರೆ ಮೊದಲು ಅದು ಏರುವದು. ಒತ್ತಡವು ತಗ್ಗಿದುದರಿಂದ ನೀರಿನೊಳಗಿನ ಗುಳ್ಳೆಗಳು ಹಿಗ್ಗಿ, ಒಲೆಯ ಮೇಲಿನ ಹಾಲಿನಂತೆ ಉಕ್ಕುವದು. ಉಕ್ಕಿದ ಹಾಲನ್ನು ಕಂಡು ಹಾಲು ಹೆಚ್ಚಾಯಿತೆಂದು ಯಾವ ಗೃಹಿಣಿಯೂ ತಿಳಿಯಲಾರಳು. ಮಟ್ಟವೊಂದನ್ನೇ ನಂಬಿದ ಉಪಕರಣವು ಮಾತ್ರ ಹಾಗೆ ತಿಳಿದು, ನೀರು ಬೇಕಾದ ಹೊತ್ತಿನಲ್ಲಿಯೇ ನೀರನ್ನು ಕಡಿಮೆ ಮಾಡುವದು. ಆದುದರಿಂದ ಹೊರಗೆ ಹೋಗುವ ಉಗಿ, ಒಳಗೆ ಬರುವ ನೀರು, ಪೀಪಾಯಿಯ ಮಟ್ಟ, ಈ ಮೂರನ್ನೂ ಅಳೆದು ತಾಳೆ ನೋಡುವ ಪದ್ಧತಿಯುಂಟಾಯಿತು. ಒಬ್ಬರೇ ಸಾಕ್ಷಿಯ ಮಾತಿನ ಮೇಲೆ ತೀರ್ಪು ಕೊಡಬಾರದೆಂಬದು ಇಲ್ಲಿಯೂ ಸಲ್ಲುವದು.

ನಮ್ಮ ಬಾವಿಯ ರಿಲೇಯು ಸುಮ್ಮಸುಮ್ಮನೆ ಬೀಳುತ್ತಿದ್ದುದನ್ನು ಹೇಳಿದೆವಷ್ಟೆ. ದೊಡ್ಡ ಜಾಲದಲ್ಲಿ ಇದೇ ತಪ್ಪು ನಡೆದಾಗ ಏನಾಗುವದೆಂಬದಕ್ಕೆ ಎರಡು ಪ್ರಸಿದ್ಧ ನಿದರ್ಶನಗಳಿವೆ. ೧೯೬೫ರ ನವೆಂಬರ ೯ರ ಸಂಜೆ, ಕೆನಡಾ ದೇಶದ ನಯಾಗರಾ ಬಳಿಯ ವಿದ್ಯುದಾಗಾರವೊಂದರಲ್ಲಿ, ಹಿಂದಿನ ಕಾಲದ ಕಡಿಮೆ ಹೊರೆಗೆ ಹೊಂದಿಸಿಟ್ಟಿದ್ದ ರಿಲೇಯು ಸಹಜವಾದ ಹೊರೆಯನ್ನೇ ಅಪಾಯವೆಂದು ಬಗೆದು ತಂತಿಯನ್ನು ಕಡಿಯಿತು. ಆ ಹೊರೆಯು ಪಕ್ಕದ ತಂತಿಗಳ ಮೇಲೆ ಬಿದ್ದು ಅವೂ ಒಂದೊಂದಾಗಿ ಕಡಿದವು. ನ್ಯೂಯಾರ್ಕ್ ನಗರವನ್ನೊಳಗೊಂಡು ಸುಮಾರು ಮೂರು ಕೋಟಿ ಜನರು ಕತ್ತಲೆಯಲ್ಲಿ ಉಳಿದರು. ನಮ್ಮ ದೇಶದಲ್ಲಿ ೨೦೧೨ರ ಜುಲೈ ೩೦ರಂದು ನಸುಕಿನಲ್ಲಿ, ಮಧ್ಯಪ್ರದೇಶದ ಬೀನಾ ಮತ್ತು ಗ್ವಾಲಿಯರ್ ನಡುವಿನ ತಂತಿಯು ಮಿತಿಮೀರಿದ ಹೊರೆಯನ್ನು ಹೊತ್ತಿರುವಾಗ, ರಿಲೇಯು ಅದನ್ನು ತಂತಿಯ ದೋಷವೆಂದು ತಿಳಿದು ಕಡಿಯಿತು. ಉತ್ತರದ ಜಾಲವು ಕುಸಿಯಿತು. ಮಾರನೆಯ ದಿನ ಮಧ್ಯಾಹ್ನ ಮತ್ತೆ ಕುಸಿದಾಗ ಪೂರ್ವದ ಹಾಗೂ ಈಶಾನ್ಯದ ಜಾಲಗಳೂ ಅದರೊಡನೆ ಬಿದ್ದವು. ಅರುವತ್ತು ಕೋಟಿಗೂ ಮಿಕ್ಕ ಜನರು ವಾಸಿಸುವ ಸೀಮೆಯದು. ಬಂಗಾಲದ ಕಲ್ಲಿದ್ದಲಿನ ಗಣಿಗಳಲ್ಲಿ ಕೂಲಿಕಾರರು ನೆಲದ ಕೆಳಗೆ ಸಿಲುಕಿ, ಅನಂತರ ಮೇಲೆ ಬಂದರು. ರಿಲೇಯು ಎರಡು ಬಗೆಯಲ್ಲಿ ತಪ್ಪಬಹುದು: ಕಡಿಯಬೇಕಾದಾಗ ಕಡಿಯದಿರುವದು, ಕಡಿಯಬಾರದಾಗ ಕಡಿಯುವದು. ಒಂದನ್ನು ತಪ್ಪಿಸಲು ಅಂಕವನ್ನು ಬಿಗಿಮಾಡಿದರೆ ಇನ್ನೊಂದು ಹತ್ತಿರ ಬರುವದು. ಈ ಎರಡರ ನಡುವೆ ಅಂಕವನ್ನು ನಿಲ್ಲಿಸುವದೇ ಸಂರಕ್ಷಣೆಯ ಶಾಸ್ತ್ರದ ಕಷ್ಟ.

ಆ ಎರಡೂ ದಿನ ಕರ್ನಾಟಕದ ದೀಪಗಳು ಆರಲಿಲ್ಲ. ದಕ್ಷಿಣದ ಜಾಲವು ಆಗ ಉತ್ತರದವುಗಳೊಡನೆ ಒಂದೇ ನಡಿಗೆಯಲ್ಲಿರಲಿಲ್ಲ. ನಡುವೆ ಇದ್ದುದು ಏಕಮುಖ ಪ್ರವಾಹದ ಕೊಂಡಿಗಳು ಮಾತ್ರ, ಅವು ನಡಿಗೆಯ ಸಂಬಂಧವನ್ನು ಬೆಳೆಸುವದಿಲ್ಲ. ೨೦೧೩ರ ಡಿಸೆಂಬರ ೩೧ರಂದು ರಾಯಚೂರಿನಿಂದ ನಮ್ಮ ನೆರೆಯ ಸೊಲ್ಲಾಪುರಕ್ಕೆ ಎಳೆದ ೭೬೫ ಕಿಲೋವೋಲ್ಟಿನ ತಂತಿಯನ್ನು ಕೂಡಿ, ಇಡೀ ದೇಶವು ಒಂದೇ ನಡಿಗೆಯ ಜಾಲವಾಯಿತು. ಅಂದಿನಿಂದ ನಮ್ಮ ಬಾವಿಯ ಪಂಪು ಕಾಶ್ಮೀರದ ಟರ್ಬೈನಿನೊಡನೆಯೂ ಹೆಜ್ಜೆ ಹಾಕುವದು. ಇದರಿಂದ ಬಲವೂ ಬಂದಿತು. ದೂರದ ತಪ್ಪು ನಮ್ಮ ಮನೆಗೂ ಬರಬಹುದಾದ ದಾರಿಯೂ ತೆರೆಯಿತು. ಎರಡನ್ನೂ ಒಟ್ಟಿಗೇ ಒಪ್ಪಿಕೊಳ್ಳಬೇಕು.

ಇದನ್ನೆಲ್ಲ ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಬರೆಯುವದೇಕೆಂದು ಪಾಲಕರಲ್ಲಿ ಯಾರಾದರೂ ಅಂದಾರು. ಮದ್ರಾಸಿನ ಎ. ಲಲಿತಾ ಎಂಬವರಿಗೆ ಹದಿನೈದನೆಯ ವಯಸ್ಸಿನಲ್ಲಿ ಮದುವೆಯಾಯಿತು. ಹದಿನೆಂಟರಲ್ಲಿ, ಕಂಕುಳಲ್ಲಿ ನಾಲ್ಕು ತಿಂಗಳ ಹೆಣ್ಣುಕೂಸು ಇರುವಾಗ, ಗಂಡನು ತೀರಿದನು. ಗಿಂಡಿಯ ಇಂಜನಿಯರಿಂಗ್ ಕಾಲೇಜಿನಲ್ಲಿ ವಿದ್ಯುತ್ತಿನ ಶಾಸ್ತ್ರವನ್ನು ಓದಿ ೧೯೪೦ರ ದಶಕದಲ್ಲಿ ಭಾರತದ ಮೊದಲ ಮಹಿಳಾ ಇಂಜನಿಯರುಗಳಲ್ಲೊಬ್ಬರಾದ ಅವರು, ಕಲಕತ್ತೆಯ ಕಂಪನಿಯೊಂದರಲ್ಲಿ ದೂರ ಸಾಗಿಸುವ ತಂತಿಗಳ, ಉಪಕೇಂದ್ರಗಳ ಮತ್ತು ಸಂರಕ್ಷಕ ಉಪಕರಣಗಳ ರಚನೆಯಲ್ಲಿಯೇ ಬಾಳನ್ನು ಕಳೆದರು. ಯಾವ ಪ್ರವಾಹಕ್ಕೆ ಯಾವ ರಿಲೇ, ಅದರ ಅಂಕ ಎಷ್ಟು, ಇದೇ ಅವರ ಕೆಲಸದ ವಿಷಯ. ಅದಕ್ಕೆ ಬೇಕಾದ ಬುನಾದಿಯೆಂದರೆ ಓಮನ ನಿಯಮ, ಅಯಸ್ಕಾಂತದ ಪಾಠ, ಕಾವಿಗೆ ಲೋಹ ಹಿಗ್ಗುವ ಪಾಠ, ಪ್ರಮಾಣದ ಲೆಕ್ಕ ಮತ್ತು ಆಲೇಖದ ಕಾಗದ. ಇವೆಲ್ಲವೂ ಹತ್ತನೆಯ ಇಯತ್ತೆಯೊಳಗೇ ಮುಗಿಯುವವು. ಮುಂದಿನ ಅಭ್ಯಾಸಕ್ಕೆ ವಿಜಯಪುರದಲ್ಲಿಯೇ ಅನುಕೂಲವಿದೆ.

ಕಾಲೇಜಿನ ತನಕ ಹೋಗದವರಿಗೂ ಮನೆಯಲ್ಲಿ ಮಾಡಬಹುದಾದ ಒಂದು ಕೆಲಸವನ್ನು ಹೇಳುವೆವು. ನಿಮ್ಮ ಮನೆಯ ಸ್ವಿಚ್ಚಿನ ಪೆಟ್ಟಿಗೆಯಲ್ಲಿ ‘ಟೆಸ್ಟ್’ ಎಂದು ಬರೆದ ಚಿಕ್ಕ ಗುಂಡಿಯುಳ್ಳ ಬ್ರೇಕರು ಇದ್ದರೆ, ಅದು ಹೋಗುವ ಪ್ರವಾಹವನ್ನೂ ಮರಳುವ ಪ್ರವಾಹವನ್ನೂ ಹೋಲಿಸುತ್ತಿರುವದು. ಮರಳುವದು ಕಡಿಮೆಯಾದರೆ ಉಳಿದುದು ಎಲ್ಲಿಯೋ ಸೋರುತ್ತಿದೆ, ಪ್ರಾಯಶಃ ಯಾರದೋ ದೇಹದ ಮೂಲಕ. ವ್ಯತ್ಯಾಸವು ೩೦ ಮಿಲಿ ಅಂಪಿಯರು ಆಗುವದರೊಳಗೆ ಅದು ಕಡಿಯಬೇಕು. ಆ ಗುಂಡಿಯನ್ನು ಆಗಾಗ ಒತ್ತಿ ನೋಡಿರಿ. ದೀಪಗಳು ಆರಿದರೆ ಬ್ರೇಕರು ಎಚ್ಚರವಾಗಿದೆ. ಆರದಿದ್ದರೆ ಆ ದಿನವೇ ತಿಳಿದವರನ್ನು ಕರೆಯಿಸಿರಿ.

ಕಳೆದ ಸೂಟಿಯಲ್ಲಿ ಕಳ್ಳಕವಟಗಿಗೆ ಹೋದಾಗ ನಾವು ಬಾವಿಯ ಕೋಣೆಗೂ ಹೋಗಿ ಬಂದೆವು. ಸ್ಟಾರ್ಟರು ಹೊಸದು, ರಿಲೇಯ ಗಾಲಿಯು ಮೋಟಾರಿನ ಅಂಕಕ್ಕೆ ಸರಿಯಾಗಿಯೇ ಇತ್ತು. ಕಾಕಾ ಅವರಿಗೆ ಈಗ ಎಂಬತ್ತರ ಹತ್ತಿರ. ಸ್ಟಾರ್ಟರಿನ ಮುಚ್ಚಳವನ್ನು ಬಿಚ್ಚಿ ಒಳಗಿನ ನಾಲ್ಕನೆಯ ಸಂಪರ್ಕವನ್ನು ತೋರಿಸಬೇಕೆಂದು ನಾವು ಸ್ಕ್ರೂಡ್ರೈವರನ್ನು ಹುಡುಕುತ್ತಿದ್ದೆವು. ಅವರು ಏನೂ ಮಾತನಾಡದೆ ಎದ್ದು, ಮೇನ್ ಕೆಳಗೆಳೆದು, ಫ್ಯೂಜಿನ ಮೂರೂ ಬಿಳಿಯ ಪಿಂಗಾಣಿ ಹಿಡಿಗಳನ್ನು ಕಿತ್ತು ತಮ್ಮ ಅಂಗಿಯ ಕಿಸೆಯಲ್ಲಿ ಹಾಕಿಕೊಂಡು, ಹೊರಗೆ ಬೇವಿನ ನೆರಳಿನಲ್ಲಿ ಹೋಗಿ ಕುಳಿತರು. ನಾವು ಮುಚ್ಚಳವನ್ನು ಮರಳಿ ಬಿಗಿದು ಹೊರಗೆ ಬಂದು ಕೈ ಚಾಚಿದ ಮೇಲೆಯೇ ಆ ಮೂರನ್ನೂ ನಮ್ಮ ಕೈಯಲ್ಲಿಟ್ಟರು.